ಮಿಸ್, ಇದು ನಿಜಾನಾ, ಡ್ರಿಲ್ಲಾ?

ನಮ್ಮ ಅತ್ತಿಗೆ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುತ್ತಾರೆ. 2023ರ ಡಿಸೆಂಬರ್ 1, ಶುಕ್ರವಾರ. ಅವರು ಏಳರ ಮಗ್ಗಿ ಬರೆಸುತ್ತಿದ್ದಾಗ ಆಯಾ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದರು. ಹತ್ತಿರ ಹೋದರೆ ಕಿವಿಯಲ್ಲಿ ಹೇಳಿದ್ದು ಇಷ್ಟೇ: ‘ಬಾಂಬ್ ಇಟ್ಟಿದ್ದಾರಂತೆ ಮೇಡಂ, ಎಲ್ಲರನ್ನೂ ಗ್ರೌಂಡಿಗೆ ಕರ್ಕೊಂಡು ಬರಬೇಕಂತೆ.’ ಒಳಗೆ ಮೂವತ್ತೆಂಟು ಮಕ್ಕಳು ತಲೆ ಎತ್ತಿ ಇವರ ಮುಖವನ್ನೇ ನೋಡುತ್ತಿದ್ದರು. ಅತ್ತಿಗೆಗೆ ಆ ಗಳಿಗೆಯಲ್ಲಿ ಬಾಯಿಗೆ ಬಂದ ಮಾತು, ‘ಡ್ರಿಲ್ ಇದೆ ಮಕ್ಕಳೇ, ಬ್ಯಾಗು ಬಾಟ್ಲಿ ಎಲ್ಲಾ ಇಲ್ಲೇ ಬಿಡಿ, ಸಾಲಾಗಿ ಬನ್ನಿ.’

ಮಕ್ಕಳು ನಕ್ಕೊಂಡು ಮೆಟ್ಟಿಲಿಳಿದರು. ಎರಡು ಗಂಟೆ ಬಿಸಿಲಲ್ಲಿ ಕೂತರು. ನೀರು ಕೇಳಿದರು. ಗೇಟಿನಾಚೆ ಅಪ್ಪ ಅಮ್ಮಂದಿರು ಕೂಗಾಡುವುದು ಕೇಳಿಸಿತು, ಶ್ವಾನದಳದ ನಾಯಿ ತಮ್ಮ ತರಗತಿಯತ್ತ ಹೋದದ್ದು ಕಾಣಿಸಿತು. ಸಂಜೆ ಟಿ.ವಿ.ಯಲ್ಲಿ ತಮ್ಮದೇ ಶಾಲೆಯ ಗೇಟು. ಸೋಮವಾರ ಶಾಲೆಗೆ ಬಂದ ಒಬ್ಬ ಹುಡುಗ ಬ್ಯಾಗು ಕೆಳಗಿಡುವ ಮೊದಲೇ ಹೇಳಿದನಂತೆ: ‘ಮಿಸ್, ನೀವು ಸುಳ್ಳು ಹೇಳಿದ್ರಿ.’

ಆ ದಿನ ಬೆಂಗಳೂರು ಮತ್ತು ಸುತ್ತಮುತ್ತಲಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಅಂಥ ಇ-ಮೇಲ್ ಹೋಗಿತ್ತು. ಬಾಂಬ್ ನಿಷ್ಕ್ರಿಯ ದಳ ಕೋಣೆ ಕೋಣೆ ಜಾಲಾಡಿ, ಹುಸಿ ಬೆದರಿಕೆ ಎಂದಿತು. 2022ರ ಏಪ್ರಿಲ್ 8ರಂದು ಪರೀಕ್ಷೆಯ ಹೊತ್ತಿನಲ್ಲಿ ನಗರದ ಹಲವು ಶಾಲೆಗಳಿಗೆ ಇಂಥದ್ದೇ ಇ-ಮೇಲ್ ಬಂದಿತ್ತು. 2025ರ ಜುಲೈ 18ರಂದು ಮತ್ತೆ ಸುಮಾರು 40 ಶಾಲೆಗಳಿಗೆ ಬಂತು. ಅದೇ ದಿನ ದೆಹಲಿಯ ಶಾಲೆಗಳಿಗೂ. ಪಂಚಾಂಗ ನೋಡಿದರೆ ಮೂರೂ ಶುಕ್ರವಾರ. ಕಳಿಸಿದವರಿಗೆ ಶುಕ್ರವಾರದ ಮೇಲೇನು ಸಿಟ್ಟೋ!

ಪೊಲೀಸರಿಗೆ ‘ಹುಸಿ’ ಎಂಬಲ್ಲಿಗೆ ಪ್ರಕರಣ ತಿಳಿಯಾಯಿತು. ಅತ್ತಿಗೆಗೆ ಆಗಲಿಲ್ಲ. ತಿಂಗಳುಗಟ್ಟಲೆ ಅವರು, ಆಯಾ ಬಾಗಿಲಿಗೆ ಬಂದರೆ ಸಾಕು, ಸರ್ಕ್ಯುಲರ್ ತಂದಿದ್ದರೂ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಕೊರೆದದ್ದು ಆ ಹುಡುಗನ ಮಾತು. ‘ನಾನು ತಪ್ಪು ಮಾಡಿದ್ನೇನೋ? ನಿಜ ಹೇಳಿದ್ರೆ ಓಡಾಡಿ ಬೀಳ್ತಿದ್ವು ಮಕ್ಕಳು. ಈಗ ನಿಜವಾಗಲೂ ಡ್ರಿಲ್ ಮಾಡಿಸಿದ್ರೆ ನಂಬ್ತಾವಾ?’

ಮಕ್ಕಳ ಜೀವ ಕಾಯಲು ಮಾಡುವ ಏರ್ಪಾಡು ಅವರ ಮನಸ್ಸಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆ ನನಗೆ ಹಿಡಿದದ್ದು ಅತ್ತಿಗೆಯ ಈ ಚಡಪಡಿಕೆಯಿಂದ. ಹುಡುಕುತ್ತ ಹೋದರೆ, ಇದಕ್ಕೆ ಸರಿಯಾಗಿ ತಿರುವುಮುರುವಾದ ಕತೆ ಅಮೆರಿಕದಲ್ಲಿ ಸಿಕ್ಕಿತು. ಇಲ್ಲಿ ನಿಜವಾದ ಬೆದರಿಕೆಯನ್ನು ಡ್ರಿಲ್ ಎಂದರು. ಅಲ್ಲಿ ಡ್ರಿಲ್ಲನ್ನು ನಿಜ ಎಂದರು.

2018ರ ಡಿಸೆಂಬರ್ ಮೊದಲ ವಾರ, ಫ್ಲಾರಿಡಾದ ಲೇಕ್ ಬ್ರ್ಯಾಂಟ್ಲಿ ಹೈಸ್ಕೂಲು. ‘ಕೋಡ್ ರೆಡ್’ ಎಂಬ ಘೋಷಣೆ ಹೊರಟಿತು. ಇದು ಡ್ರಿಲ್ ಅಲ್ಲ ಎಂದೂ ತಿಳಿಸಲಾಯಿತು. ಮಕ್ಕಳು ಕತ್ತಲ ಕೋಣೆಯ ಮೂಲೆಗಳಲ್ಲಿ ಕೂತು ಮನೆಗೆ ಮೆಸೇಜು ಕಳಿಸಿದರು, ಕೊನೆಯ ಮಾತು ಎಂದುಕೊಂಡೇ. ಕೆಲವರು ಅತ್ತರು, ಕೆಲವರು ವಾಂತಿ ಮಾಡಿಕೊಂಡರು, ಕ್ಯಾಂಟೀನಿನಿಂದ ಓಡುವಾಗ ನೂಕುನುಗ್ಗಲಾಯಿತು. ಆಮೇಲೆ ತಿಳಿಯಿತು, ಬಂದೂಕು ಹಿಡಿದವನು ಯಾರೂ ಇರಲಿಲ್ಲ. ಅದಾದ ಮುಂದಿನ ತಿಂಗಳು ಇಂಡಿಯಾನಾದ ಮಾಂಟಿಸೆಲ್ಲೊ ಊರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕರಿಗೆ ತರಬೇತಿ. ನಾಲ್ಕು ನಾಲ್ಕು ಜನರಂತೆ ಕೋಣೆಗೆ ಕರೆದು, ಗೋಡೆಗೆ ಮುಖ ಮಾಡಿ ಮಂಡಿಯೂರಿಸಿ, ಹಿಂದಿನಿಂದ ಪ್ಲಾಸ್ಟಿಕ್ ಗುಂಡು ಹೊಡೆದರು. ಮೈಮೇಲೆ ಬಾಸುಂಡೆ ಎದ್ದವು, ರಕ್ತ ಬಂತು. ಹೊಡೆದವರು ಪೊಲೀಸರು. ಮಾಡಿದ್ದು ಶಿಕ್ಷಕರ ಒಳ್ಳೆಯದಕ್ಕಂತೆ: ಸುಮ್ಮನೆ ಮುದುರಿ ಕೂತರೆ ಏನಾಗುತ್ತದೆ ಎಂಬುದು ಅವರಿಗೆ ಮನದಟ್ಟಾಗಲಿ ಎಂದು.

ಇಂಥ ಹುಚ್ಚು ಒಂದೇ ದಿನ ಹುಟ್ಟಿದ್ದಲ್ಲ. 1999ರ ಏಪ್ರಿಲ್ 20ರಂದು ಕೊಲರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಅಲ್ಲಿಂದ ಶುರುವಾಯಿತು ‘ಲಾಕ್‌ಡೌನ್ ಡ್ರಿಲ್’. ಲಾಕ್‌ಡೌನ್ ಎಂದರೆ ನಮಗೆ 2020ರ ಖಾಲಿ ರಸ್ತೆ ನೆನಪಾಗುತ್ತದೆ. ಅಮೆರಿಕದ ಮಗುವಿಗೆ ಅದು ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಕಿಟಕಿಗೆ ಕಾಣದ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಆಟ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಸತ್ತ ಮೇಲೆ ಅದು ಶಿಶುವಿಹಾರಕ್ಕೂ ಇಳಿಯಿತು. 2015-16ರ ಹೊತ್ತಿಗೆ ಅಲ್ಲಿನ ನೂರು ಸರ್ಕಾರಿ ಶಾಲೆಗಳಲ್ಲಿ ಸುಮಾರು 95 ಶಾಲೆಗಳು ಈ ಕವಾಯತು ಮಾಡಿಸುತ್ತಿದ್ದವು. ಮ್ಯಾಸಚೂಸೆಟ್ಸ್‌ನ ಒಂದು ಶಿಶುವಿಹಾರದಲ್ಲಿ ಬೀಗ ಹಾಕುವ, ದೀಪ ಆರಿಸುವ ಕ್ರಮವನ್ನು ‘ಟ್ವಿಂಕಲ್ ಟ್ವಿಂಕಲ್’ ಧಾಟಿಗೆ ಹೊಂದಿಸಿ ಗೋಡೆಗೆ ಅಂಟಿಸಿದ್ದ ಹಾಳೆಯ ಚಿತ್ರ 2018ರಲ್ಲಿ ಊರೂರು ಸುತ್ತಿತು. ಕೊಲರಾಡೊದ ಜೆಫರ್‌ಸನ್ ಕೌಂಟಿಯ ತರಗತಿಗಳಲ್ಲಿ ಒಂದೊಂದು ಬಕೆಟ್ ಇರುತ್ತದೆ. ಒಳಗೆ ಬೆಕ್ಕಿನ ಕಕ್ಕಸಿಗೆ ಹಾಕುವ ಪುಡಿ. ಗಂಟೆಗಟ್ಟಲೆ ಬೀಗದೊಳಗಿದ್ದರೆ ಮಕ್ಕಳು ಮೂತ್ರಕ್ಕೆ ಎಲ್ಲಿ ಹೋಗಬೇಕು? ಕೆಲವು ಟೀಚರುಗಳು ಲಾಲಿಪಾಪನ್ನೂ ಇಟ್ಟುಕೊಂಡಿರುತ್ತಾರೆ. ಬಾಯಲ್ಲಿ ಲಾಲಿಪಾಪ್ ಇದ್ದ ಮಗು ಅಳುವುದಿಲ್ಲವಲ್ಲ.

ನಮ್ಮ ಅಜ್ಜಿಯರು ಊಟ ಮಾಡಿಸಲು ಗುಮ್ಮನನ್ನು ಕರೆಯುತ್ತಿದ್ದರು. ಗುಮ್ಮ ಬರುತ್ತಿರಲಿಲ್ಲ, ತುತ್ತು ಒಳಗಿಳಿಯುತ್ತಿತ್ತು, ಅಜ್ಜಿಯ ಮಡಿಲು ಹತ್ತಿರದಲ್ಲೇ ಇರುತ್ತಿತ್ತು. ಡ್ರಿಲ್ಲಿನ ಗುಮ್ಮ ಹಾಗಲ್ಲ. ಸಮವಸ್ತ್ರ ತೊಟ್ಟು, ಬಾಗಿಲ ಹಿಡಿ ಅಲ್ಲಾಡಿಸಿ ಹೋಗುತ್ತಾನೆ.

ಡ್ರಿಲ್ ಮಕ್ಕಳ ಮನಸ್ಸಿಗೆ ಏನು ಮಾಡುತ್ತದೆಂಬುದರ ಲೆಕ್ಕ ಯಾರಾದರೂ ಇಟ್ಟಿದ್ದಾರೆಯೇ? ಇಟ್ಟಿದ್ದಾರೆ, ತಡವಾಗಿ. ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 33 ರಾಜ್ಯಗಳ 114 ಶಾಲೆಗಳನ್ನು ಆರಿಸಿಕೊಂಡರು. ಡ್ರಿಲ್‌ಗೆ 90 ದಿನ ಮೊದಲು, 90 ದಿನ ಆಮೇಲೆ ಆ ಶಾಲೆಗಳ ಮಕ್ಕಳು, ಪಾಲಕರು, ಶಿಕ್ಷಕರು ಸಾಮಾಜಿಕ ಜಾಲತಾಣಗಳಲ್ಲಿ ಬರೆದುಕೊಂಡದ್ದನ್ನು ಜಾಲಿಸಿ ನೋಡಿದರು. ಡ್ರಿಲ್ ಆದಮೇಲೆ ಖಿನ್ನತೆಯ ಕುರುಹು ಶೇ 39ರಷ್ಟು, ಆತಂಕ ಮತ್ತು ಒತ್ತಡದ ಕುರುಹು ಶೇ 42ರಷ್ಟು ಏರಿತ್ತು. ಒಂದು ಮಾತು ಇಲ್ಲೇ ಹೇಳಿಬಿಡಬೇಕು: ಈ ಅಧ್ಯಯನದಲ್ಲಿ ಬಂದೂಕು ನಿಯಂತ್ರಣಕ್ಕಾಗಿ ಹೋರಾಡುವ ಸಂಘಟನೆಯೊಂದರ ಪಾಲೂ ಇತ್ತು, ಮತ್ತು ಟ್ವೀಟು ಎಂಬುದು ಮನಸ್ಸಿನ ಥರ್ಮಾಮೀಟರ್ ಅಲ್ಲ. ಆದರೆ ತಿಂಗಳು ಮೂರು ಕಳೆದರೂ ಮಾತಿನ ಬಣ್ಣ ಹಾಗೇ ಉಳಿದಿತ್ತು ಎಂಬುದನ್ನು ತಳ್ಳಿಹಾಕುವಂತಿಲ್ಲ.

ಇನ್ನೊಂದು ಕಡೆಯ ಸಾಕ್ಷ್ಯವೂ ಇದೆ, ಅದನ್ನು ಬಿಟ್ಟರೆ ಅನ್ಯಾಯ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದ ಶಾಲೆಗಳಲ್ಲಿ ಜಾಕ್ಲಿನ್ ಶಿಲ್ಡ್‌ಕ್ರೌಟ್ ಎಂಬ ಅಪರಾಧಶಾಸ್ತ್ರಜ್ಞೆ ಮತ್ತವರ ಸಂಗಡಿಗರು ಬೇರೆ ರೀತಿಯಲ್ಲಿ ಕೆಲಸ ಮಾಡಿದರು. ಬಂದೂಕಿಲ್ಲ, ಕಿರುಚಾಟವಿಲ್ಲ, ಮೋಸವಿಲ್ಲ. ಮೊದಲು ಮಕ್ಕಳಿಗೆ ಕ್ರಮ ಹೇಳಿಕೊಟ್ಟರು, ಆಮೇಲೆ ಮಾಡಿಸಿದರು, ಮುಗಿದ ಮೇಲೆ ಕೂತು ಮಾತಾಡಿದರು. ಮಕ್ಕಳು ‘ಏನು ಮಾಡಬೇಕೆಂದು ನಮಗೆ ಗೊತ್ತು’ ಎನ್ನುವಷ್ಟು ಗಟ್ಟಿಯಾದರು. ಆದರೆ ‘ಶಾಲೆಯಲ್ಲಿ ನಾವು ಸುರಕ್ಷಿತ’ ಎಂಬ ಭಾವ ಅಲ್ಲೂ ಕೊಂಚ ಇಳಿಯಿತು. ಎರಡೂ ಒಟ್ಟಿಗೆ! ಸಿದ್ಧತೆಯೂ ನಿಶ್ಚಿಂತೆಯೂ ಒಂದೇ ತಕ್ಕಡಿಯಲ್ಲಿ ಏರುವುದಿಲ್ಲ ಎಂಬುದು ನನಗೆ ಈ ವಿಷಯದಲ್ಲಿ ಸಿಕ್ಕ ಅತ್ಯಂತ ಪ್ರಾಮಾಣಿಕ ಉತ್ತರ. ಹೆಲ್ಮೆಟ್ ಹಾಕಿಕೊಂಡ ದಿನವೇ ರಸ್ತೆ ಎಷ್ಟು ಕೆಟ್ಟದ್ದೆಂದು ನೆನಪಾಗುವುದು.

ಅಪಾಯದ ಪ್ರಮಾಣವನ್ನೂ ನೋಡಬೇಕಲ್ಲ. ಅಮೆರಿಕದ ಸರ್ಕಾರಿ ಶಾಲೆಯ ಒಂದು ಮಗು ಒಂದು ದಿನ ಶಾಲೆಯಲ್ಲಿ ಗುಂಡಿಗೆ ಬಲಿಯಾಗುವ ಸಂಭವ ಸುಮಾರು 61 ಕೋಟಿಯಲ್ಲಿ ಒಂದು ಎಂದು 2018ರಲ್ಲಿ ಒಬ್ಬ ಲೇಖಕ ಲೆಕ್ಕ ಹಾಕಿದ್ದ. ಅದೇ ವರ್ಷ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಹದಿಹರೆಯದವರಲ್ಲಿ ಶೇ 57 ಜನ ‘ನಮ್ಮ ಶಾಲೆಯಲ್ಲೂ ಆಗಬಹುದು ಎಂಬ ಚಿಂತೆ ಇದೆ’ ಎಂದಿದ್ದರು. ಒಂದು ಕಡೆ ಅಪರೂಪದಲ್ಲಿ ಅಪರೂಪದ ಘಟನೆ, ಇನ್ನೊಂದು ಕಡೆ ವರ್ಷ ವರ್ಷವೂ ಕೋಟಿಗಟ್ಟಲೆ ಮಕ್ಕಳು ಅದನ್ನು ನಟಿಸುವುದು. ನಟನೆಯ ಬೆಲೆಯನ್ನು ಎಲ್ಲರೂ ತೆರುತ್ತಾರೆ.

ನ್ಯೂಜೆರ್ಸಿಯಲ್ಲಿ ನಮ್ಮವರು ಬಹಳ. ಅಲ್ಲಿನ ‘ಬೃಂದಾವನ’ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೆ ಮಲ್ಲೇಶ್ವರದಲ್ಲೇ ಇದ್ದೇವೇನೋ ಅನ್ನಿಸಬೇಕು. ಆ ರಾಜ್ಯದ ಕಾನೂನಿನ ಪ್ರಕಾರ ಶಾಲೆಗಳು ತಿಂಗಳಿಗೆ ಒಂದು ಬೆಂಕಿಯ ಡ್ರಿಲ್, ಒಂದು ಭದ್ರತಾ ಡ್ರಿಲ್ ಮಾಡಿಸಲೇಬೇಕು. ಅಲ್ಲಿ ನೆಲೆಸಿದ ನನ್ನ ಗೆಳತಿ ಮಗಳನ್ನು ರಜಕ್ಕೆ ಮೈಸೂರಿಗೆ ಕರೆತಂದಿದ್ದಳು. ಸಿನಿಮಾ ಹಾಲಿನಲ್ಲಿ ದೀಪ ಆರಿದ ಕೂಡಲೆ ಆ ಹುಡುಗಿ ಕೇಳಿದ್ದು: ‘ಅಮ್ಮಾ, ಇಲ್ಲಿ ಬಾಗಿಲಿಗೆ ಬೀಗ ಹಾಕಲ್ವಾ?’ ಪಕ್ಕದಲ್ಲಿದ್ದ ಅಜ್ಜಿಗೆ ಅರ್ಥವಾಗಲಿಲ್ಲ. ‘ಬೀಗ ಯಾಕೆ ಪುಟ್ಟಾ, ಇಂಟರ್‌ವಲ್‌ನಲ್ಲಿ ಹೊರಗೆ ಹೋಗ್ಬೇಕಲ್ಲ’ ಎಂದರಂತೆ.

ತಡವಾಗಿಯಾದರೂ ಅಮೆರಿಕದಲ್ಲಿ ಬುದ್ಧಿ ತಿರುಗುತ್ತಿದೆ. 2020ರ ಫೆಬ್ರುವರಿಯಲ್ಲಿ ಅಲ್ಲಿನ ಎರಡು ದೊಡ್ಡ ಶಿಕ್ಷಕ ಸಂಘಗಳು ಇಂಥ ಡ್ರಿಲ್ ಮಕ್ಕಳಿಗೆ ಬೇಡ ಎಂದವು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಮೋಸ ಮಾಡುವ, ನಿಜವೆಂದೇ ನಂಬಿಸುವ ಡ್ರಿಲ್‌ಗಳ ವಿರುದ್ಧ ನಿಂತಿತು. 2022ರಲ್ಲಿ ನ್ಯೂಜೆರ್ಸಿ ಕಾನೂನನ್ನೇ ತಿದ್ದಿತು: ಹುಸಿ ರಕ್ತ, ಆಟದ ಬಂದೂಕು, ಗುಂಡಿನ ಸದ್ದು ಕೂಡದು, ಡ್ರಿಲ್ ನಡೆಸಿದ ದಿನವೇ ಪಾಲಕರಿಗೆ ಬರೆದು ತಿಳಿಸಬೇಕು. ವಾಷಿಂಗ್ಟನ್ ರಾಜ್ಯವೂ ಅದೇ ವರ್ಷ ದಾಳಿಯನ್ನು ನಿಜವೆಂಬಂತೆ ನಟಿಸುವುದನ್ನು ನಿಷೇಧಿಸಿತು. ಸುಳ್ಳು ಹೇಳಬೇಡಿ, ಹೆದರಿಸಬೇಡಿ. ಇಷ್ಟನ್ನು ಕಾನೂನಿನಲ್ಲಿ ಬರೆಯಲು ಕೊಲಂಬೈನ್ ಆಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಅಸಲು ಈ ಪಾಠ ಅವರಿಗೆ ಹೊಸದೇನೂ ಅಲ್ಲ, ಬೆಂಕಿ ಕಲಿಸಿತ್ತು. 1958ರ ಡಿಸೆಂಬರ್ 1ರಂದು (ಮತ್ತದೇ ತಾರೀಖು) ಶಿಕಾಗೊದ ಒಂದು ಕ್ಯಾಥೊಲಿಕ್ ಶಾಲೆಗೆ ಬೆಂಕಿ ಬಿದ್ದು 92 ಮಕ್ಕಳು, ಮೂವರು ಸನ್ಯಾಸಿನಿಯರು ಸತ್ತರು. ಆಮೇಲೆ ಅಲ್ಲಿ ಶಾಲಾ ಕಟ್ಟಡಗಳ ನಿಯಮ ಬದಲಾಯಿತು, ಡ್ರಿಲ್‌ಗಳು ಬಿಗಿಯಾದವು. ಆದರೆ ಬೆಂಕಿಯ ಡ್ರಿಲ್ ಮಾಡಿಸುವಾಗ ಯಾರೂ ಕಾರಿಡಾರಿನಲ್ಲಿ ಟೈರು ಸುಟ್ಟು ಹೊಗೆ ಎಬ್ಬಿಸಲಿಲ್ಲ. ಸುಟ್ಟ ಗಾಯದ ಬಣ್ಣ ಬಳಿದುಕೊಂಡು ಯಾರೂ ಮೆಟ್ಟಿಲ ಮೇಲೆ ಬಿದ್ದಿರಲಿಲ್ಲ. ಗಂಟೆ ಹೊಡೆಯಿತು, ಸಾಲು ಹೊರಟಿತು, ಮರದ ಕೆಳಗೆ ಹಾಜರಿ ಕೂಗಿದರು, ಮುಗಿಯಿತು. ಅದರಿಂದ ಯಾವ ಮಗುವಿಗೂ ರಾತ್ರಿ ನಿದ್ದೆ ಕೆಟ್ಟದ್ದನ್ನು ನಾನು ಕೇಳಿಲ್ಲ.

ಕಲಿಕೆ ಇನ್ನೂ ಚೆನ್ನಾಗಿ ಇಳಿದದ್ದು ಜಪಾನಿನ ಕಾಮಾಯಿಶಿ ಊರಿನಲ್ಲಿ. ತೋಶಿತಾಕಾ ಕಾತಾದಾ ಎಂಬ ಪ್ರಾಧ್ಯಾಪಕರು ಅಲ್ಲಿನ ಶಾಲೆಗಳಲ್ಲಿ ವರ್ಷಗಟ್ಟಲೆ ಸುನಾಮಿಯ ಪಾಠ ಮಾಡಿದ್ದರು. ಅವರು ಹೇಳಿಕೊಟ್ಟದ್ದು ಅಂಜಿಕೆಯನ್ನಲ್ಲ. ನಕ್ಷೆಯನ್ನು ನೆಚ್ಚಿ ಕೂರಬೇಡಿ, ಆ ಹೊತ್ತಿಗೆ ಆಗುವ ಗರಿಷ್ಠ ಪ್ರಯತ್ನ ಮಾಡಿ, ನೀವೇ ಮೊದಲು ಓಡಿ, ನಿಮ್ಮನ್ನು ನೋಡಿ ಉಳಿದವರು ಓಡುತ್ತಾರೆ. 2011ರ ಮಾರ್ಚ್ 11ರಂದು ನೆಲ ನಡುಗಿದಾಗ ಅಲ್ಲಿನ ಮಾಧ್ಯಮಿಕ ಶಾಲೆಯ ಮಕ್ಕಳು ಯಾರ ಅಪ್ಪಣೆಗೂ ಕಾಯದೆ ಓಡಿದರು. ಅವರನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯ ಪುಟಾಣಿಗಳೂ ಹೊರಬಂದರು. ದೊಡ್ಡವರು ಚಿಕ್ಕವರ ಕೈಹಿಡಿದು, ಗೊತ್ತುಮಾಡಿದ್ದ ಜಾಗ ಸಾಲದೆಂದು ಇನ್ನೂ ಮೇಲೆ, ಅದೂ ಸಾಲದೆಂದು ಮತ್ತೂ ಮೇಲೆ ಹತ್ತಿದರು. ಊರಿನ ಸುಮಾರು 3,000 ಶಾಲಾಮಕ್ಕಳಲ್ಲಿ ಬಹುತೇಕ ಎಲ್ಲರೂ ಬದುಕಿದರು. ಅದೇ ದಿನ, ಅದೇ ಕರಾವಳಿಯ ಒಕಾವಾ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಶಿಕ್ಷಕರು ಎಲ್ಲಿಗೆ ಹೋಗುವುದೆಂದು ಮುಕ್ಕಾಲು ಗಂಟೆ ಚರ್ಚಿಸಿದರು. ಹಿಂದೆಯೇ ಗುಡ್ಡವಿತ್ತು. 74 ಮಕ್ಕಳೂ ಹತ್ತು ಮಂದಿ ಶಿಕ್ಷಕರು ಮತ್ತು ಸಿಬ್ಬಂದಿಯೂ ಕೊಚ್ಚಿಹೋದರು. ಆ ಶಿಕ್ಷಕರನ್ನು ಬೈಯಲು ನನಗೆ ಮನಸ್ಸು ಬಾರದು. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಆಡಳಿತದ ಪೂರ್ವಸಿದ್ಧತೆ ಸಾಲದಾಗಿತ್ತು ಎಂಬ ತೀರ್ಪನ್ನು 2019ರಲ್ಲಿ ಜಪಾನಿನ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು.

ಕಾಮಾಯಿಶಿಯ ಮಗುವಿಗೆ ಕಾಲಿಗೆ ಕೆಲಸವಿತ್ತು, ಕೈಗೆ ಇನ್ನೊಂದು ಪುಟ್ಟ ಕೈ ಇತ್ತು. ಲೇಕ್ ಬ್ರ್ಯಾಂಟ್ಲಿಯ ಮಗುವಿಗೆ ಇದ್ದದ್ದು ಕತ್ತಲೆ ಮತ್ತು ಫೋನು. ಒಬ್ಬರಿಗೆ ನಿಜ ಹೇಳಿ ಕೆಲಸ ಕೊಟ್ಟರು, ಇನ್ನೊಬ್ಬರಿಗೆ ಸುಳ್ಳು ಹೇಳಿ ಕಾಯಲು ಬಿಟ್ಟರು.

ನಮ್ಮಲ್ಲಿ ಏನು ನಡೆಯುತ್ತದೆ? ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಹಳೆಯ ಪದ್ಧತಿ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಕಿಡಿ ಹುಲ್ಲಿನ ಚಾವಣಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. 2009ರಲ್ಲಿ ಸುಪ್ರೀಂ ಕೋರ್ಟು ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ, ಸುರಕ್ಷಿತವಾದ ಶಾಲೆ ಶಿಕ್ಷಣದ ಹಕ್ಕಿನ ಭಾಗವೇ ಎಂದು ಹೇಳಿ ಬೆಂಕಿ ನಂದಿಸುವ ಸಲಕರಣೆ ಕಡ್ಡಾಯ ಮಾಡಿತು. ಇವತ್ತು ಶಾಲೆಗಳ ಗೋಡೆಗಳಲ್ಲಿ ಕೆಂಪು ಸಿಲಿಂಡರು ನೇತಾಡುತ್ತದೆ. ಅದರ ಪಿನ್ನು ಕೀಳಲು ಬಲ್ಲ ಶಿಕ್ಷಕರು ಎಷ್ಟು ಮಂದಿ ಎಂದು ನೀವೇ ನಿಮ್ಮ ಮಕ್ಕಳ ಶಾಲೆಯಲ್ಲಿ ಕೇಳಿ ನೋಡಿ.

2014ರ ಜುಲೈನಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ಅತ್ಯಾಚಾರವಾಯಿತೆಂಬ ಸುದ್ದಿ ಬಂದಾಗ ಊರು ಬೀದಿಗಿಳಿಯಿತು. ಇಳಿಯಬೇಕಾದದ್ದೇ. ಪೊಲೀಸರ ಮಾರ್ಗಸೂಚಿ ಬಂತು: ಕ್ಯಾಮೆರಾ, ಸಿಬ್ಬಂದಿಯ ಪೂರ್ವಾಪರ ಪರಿಶೀಲನೆ, ಬಸ್ಸಿನಲ್ಲಿ ಮಹಿಳಾ ಸಹಾಯಕಿ. ಇವೆಲ್ಲ ಬೇಕಿತ್ತು. 2017ರಲ್ಲಿ ಗುರುಗ್ರಾಮದ ಶಾಲೆಯಲ್ಲಿ ಒಬ್ಬ ಬಾಲಕನ ಕೊಲೆಯಾದಾಗ ಸಿಬಿಎಸ್‌ಇ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ಸಿಬ್ಬಂದಿಗೂ ಎರಡು ತಿಂಗಳೊಳಗೆ ಮನೋಪರೀಕ್ಷೆ ಮಾಡಿಸಿ ಎಂದು ಸುತ್ತೋಲೆ ಕಳಿಸಿತು. ಶಾಲಾ ಬಸ್ಸಿನ ಕಂಡಕ್ಟರನನ್ನು ಮೊದಲು ಹಿಡಿದಿದ್ದರಲ್ಲ! ಆಮೇಲೆ ಸಿಬಿಐ ತನಿಖೆ ಅವನನ್ನು ನಿರಪರಾಧಿ ಎಂದಿತು. ಆರೋಪ ಅದೇ ಶಾಲೆಯ ಹಿರಿಯ ವಿದ್ಯಾರ್ಥಿಯ ಮೇಲೆ ಬಂತು. ಮನೋಪರೀಕ್ಷೆಯ ಸುತ್ತೋಲೆ ಮಾತ್ರ ಆಯಾಗಳು, ಡ್ರೈವರುಗಳು, ಪಿ.ಟಿ. ಮಾಸ್ತರರ ಕೈಗೆ ಬಂತು.

ನನಗೆ ಗೊತ್ತಿರುವ ಒಬ್ಬ ಪಿ.ಟಿ. ಮಾಸ್ತರರು ಇಪ್ಪತ್ತೆರಡು ವರ್ಷದಿಂದ ಕಬಡ್ಡಿ, ಖೊ-ಖೊ ಹೇಳಿಕೊಡುತ್ತಿದ್ದಾರೆ. ಮಗು ಬಿದ್ದು ಮಂಡಿ ಕೆತ್ತಿಕೊಂಡರೆ ಈಗ ಅವರು ಎತ್ತುವುದಿಲ್ಲ. ದೂರ ನಿಂತು ಆಯಾನನ್ನು ಕೂಗುತ್ತಾರೆ. ‘ಮೊದಲು ಎತ್ತಿ ಧೂಳು ಕೊಡವಿ, ಏನಾಗಿಲ್ಲ ಓಡೋ ಅಂತಿದ್ದೆ. ಈಗ ಕ್ಯಾಮೆರಾ ಯಾವ ಕಡೆಗಿದೆ ಅಂತ ನೋಡ್ತೀನಿ ಸಾರ್. ಆ ಮಗು ನನ್ನ ಮುಖ ನೋಡ್ಕೊಂಡು ಅಳ್ತಾ ಇರುತ್ತೆ.’ ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ಅವರ ನೋವಿಗಾಗಿ ನಿಯಮ ಸಡಿಲಿಸಿ ಎಂದು ನಾನು ಹೇಳಲಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಪರಿಚಿತನೇ. ಆ ಮಾತನ್ನು ಮುಚ್ಚಿಡಬಾರದು. ಪೋಕ್ಸೊ ಕಾಯ್ದೆಯಡಿ ವಿಷಯ ತಿಳಿದೂ ದೂರು ಕೊಡದ ಶಿಕ್ಷಕರಿಗೆ ಜೈಲುಶಿಕ್ಷೆ ಇದೆ, ಇರಲಿ. ಆದರೆ ಕಾಯ್ದೆಯ ಹೆದರಿಕೆ ಕೊಟ್ಟಷ್ಟು ಉದಾರವಾಗಿ ಶಿಕ್ಷಕರಿಗೆ ಅದರ ತರಬೇತಿಯನ್ನೂ, ಮಗು ಬಂದು ಹೇಳಿಕೊಂಡರೆ ಆ ಭಾರ ಹೊತ್ತುಕೊಳ್ಳುವ ಬಗೆಯನ್ನೂ ಕೊಡಲಿಲ್ಲ. ಯಾರೋ ಒಂದು ಮಧ್ಯಾಹ್ನ ಬಂದು ‘ಗುಡ್ ಟಚ್, ಬ್ಯಾಡ್ ಟಚ್’ ಸ್ಲೈಡು ತೋರಿಸಿ, ಹಾಜರಿಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ.

ಕ್ಯಾಮೆರಾ ಮಾತ್ರ ಹೆಚ್ಚುತ್ತಲೇ ಇದೆ. 2019ರಲ್ಲಿ ದೆಹಲಿ ಸರ್ಕಾರ ತನ್ನ ಶಾಲೆಗಳ ತರಗತಿಯೊಳಗೆ ಕ್ಯಾಮೆರಾ ಇಟ್ಟು, ಪಾಲಕರು ಮೊಬೈಲಿನಲ್ಲೇ ಮಗುವನ್ನು ನೋಡಬಹುದು ಎಂದಿತು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲಿ ಶಿಕ್ಷಕರೂ ಇದ್ದರು. 2025ರ ಜುಲೈನಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ, ಶೌಚಾಲಯ ಬಿಟ್ಟು ತರಗತಿ, ಕಾರಿಡಾರು, ಗ್ರಂಥಾಲಯ, ಕ್ಯಾಂಟೀನು, ಆಟದ ಮೈದಾನ ಎಲ್ಲೆಡೆ ದೃಶ್ಯವೂ ಧ್ವನಿಯೂ ದಾಖಲಾಗುವ ಕ್ಯಾಮೆರಾ ಇರಬೇಕು, 15 ದಿನದ ದಾಖಲೆ ಉಳಿದಿರಬೇಕು ಎಂದು ನಿಯಮ ಮಾಡಿತು. ಗೇಟಿನಲ್ಲಿ, ಕತ್ತಲ ಮೆಟ್ಟಿಲ ಬಳಿ ಕ್ಯಾಮೆರಾ ಇರಲೆಂದು ಯಾರೇ ಆದರೂ ಹೇಳುತ್ತಾರೆ. ತರಗತಿಯೊಳಗಿನ ಕಿವಿಯುಳ್ಳ ಕ್ಯಾಮೆರಾ ಬೇರೆ. ಮನೆಯಲ್ಲಿ ಅಪ್ಪ ಕುಡಿದು ಹೊಡೆಯುತ್ತಾನೆ ಎಂದು ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದು ಪಿಸುಗುಟ್ಟಬೇಕಾದರೆ, ಗೋಡೆಯ ಮೇಲಿನ ಆ ಕರಿಗಣ್ಣಿನ ಕಡೆ ಒಮ್ಮೆ ನೋಡದೆ ಇರುತ್ತಾಳೆಯೇ? ಸುರಕ್ಷತೆಗೆಂದು ಇಟ್ಟದ್ದೇ ಅವಳು ಬಾಯಿ ಬಿಡಬಹುದಾಗಿದ್ದ ಒಂದೇ ಜಾಗವನ್ನು ಕಿತ್ತುಕೊಂಡಂತಾಗುವುದಿಲ್ಲವೇ? ಪಾಠ ಮಾಡುವವರ ಪಾಡೂ ಅದೇ. ಕ್ಯಾಮೆರಾ ಎದುರು ಟೀಚರು ತಪ್ಪು ಮಾಡುವುದಿಲ್ಲ ನಿಜ. ಜೋಕನ್ನೂ ಮಾಡುವುದಿಲ್ಲ.

2022ರ ನವೆಂಬರಿನಲ್ಲಿ ಬೆಂಗಳೂರಿನ ಖಾಸಗಿ ಶಾಲೆಗಳು ಮೊಬೈಲ್ ಹುಡುಕಲೆಂದು ಮಕ್ಕಳ ಬ್ಯಾಗು ತಪಾಸಣೆ ಮಾಡಿದ್ದು ನೆನಪಿರಬಹುದು. ಸಿಕ್ಕಿದ್ದು ಸಿಗರೇಟು, ಲೈಟರು, ಕಾಂಡೋಮು. ವಾರವಿಡೀ ಟಿ.ವಿ.ಗಳಿಗೆ ಹಬ್ಬ. ಕೆಲವು ಶಾಲೆಗಳು ಅಮಾನತಿನ ಬದಲು ಮಕ್ಕಳನ್ನು ಕೆಲವು ದಿನ ರಜೆ ಕೊಟ್ಟು ಕಳಿಸಿ, ಆಪ್ತಸಮಾಲೋಚನೆಗೆ ಹೇಳಿದವು. ಅಷ್ಟು ವಿವೇಕ ಇತ್ತು. ಆದರೆ ಬ್ಯಾಗಿನಲ್ಲಿ ಏನೂ ಸಿಗದ, ಟಿಫಿನ್ ಬಾಕ್ಸು ಮತ್ತು ಜ್ಯಾಮಿಟ್ರಿ ಬಾಕ್ಸನ್ನು ಎಲ್ಲರೆದುರು ಮೇಜಿನ ಮೇಲೆ ಸುರುವಿಸಿಕೊಂಡ ನೂರಾರು ಮಕ್ಕಳ ಮುಖ ಯಾವ ಚಾನೆಲ್ಲಿನಲ್ಲೂ ಬರಲಿಲ್ಲ. ತಪಾಸಣೆಯ ಇನ್ನೊಂದು ಸಾಧನವಾದ ಲೋಹಶೋಧಕಗಳ ಬಗ್ಗೆ ನಡೆದ ಹದಿನೈದು ವರ್ಷಗಳ ಅಧ್ಯಯನಗಳನ್ನು 2011ರಲ್ಲಿ ಅಮೆರಿಕದ ಸಂಶೋಧಕರು ಒಟ್ಟುಮಾಡಿ ನೋಡಿದಾಗ, ಅವುಗಳಿಂದ ಶಾಲೆ ಸುರಕ್ಷಿತವಾಗುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ; ಮಕ್ಕಳಿಗೆ ತಮ್ಮ ಶಾಲೆ ಅಪಾಯದ ಜಾಗ ಎನ್ನಿಸಬಹುದೆಂಬ ಸುಳಿವು ಮಾತ್ರ ಸಿಕ್ಕಿತು. ಯಂತ್ರ ಕಂಡ ಮಗು ಯೋಚಿಸುವುದು ಸರಿಯಾಗಿಯೇ: ಇಷ್ಟೆಲ್ಲ ಕಾವಲು ಇದೆ ಎಂದರೆ ಏನೋ ಇರಬೇಕು.

ಯಂತ್ರಕ್ಕೆ ಬಿಲ್ಲು ಸಿಗುತ್ತದೆ, ಗೋಡೆಯ ಮೇಲೆ ಕಾಣುತ್ತದೆ, ಪಾಲಕರ ಸಭೆಯಲ್ಲಿ ತೋರಿಸಬಹುದು. ಮಾತಾಡಿಸುವ ಮನುಷ್ಯನಿಗೆ ಅದ್ಯಾವುದೂ ಇಲ್ಲ. ಸಂಬಳ ಮಾತ್ರ ಕೊಡಬೇಕು. ಅಮೆರಿಕದ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 2019ರಲ್ಲಿ ಎಣಿಸಿದಂತೆ ಅಲ್ಲಿ 1.4 ಕೋಟಿ ಮಕ್ಕಳು ಓದುವ ಶಾಲೆಗಳಲ್ಲಿ ಪೊಲೀಸರಿದ್ದರು, ಆದರೆ ಆಪ್ತಸಮಾಲೋಚಕರೋ ನರ್ಸೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಒಬ್ಬರೂ ಇರಲಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಎರಡೂ ಇರುವುದಿಲ್ಲ; ಗೇಟಿನಲ್ಲಿ ಎರಡು ಪಾಳಿ ಒಟ್ಟಿಗೆ ಮಾಡುವ ಸೆಕ್ಯುರಿಟಿಯವರು ಇರುತ್ತಾರೆ, ಅವರ ನಿದ್ದೆಯ ಲೆಕ್ಕ ಯಾರೂ ಕೇಳುವುದಿಲ್ಲ. ಹಾಗೆಂದು ಕೈಗೆ ಏನೂ ಸಿಗದು ಎಂದಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ, 14416, ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ಶುಕ್ರವಾರದ ನಂತರ ಅತ್ತಿಗೆಗೆ ಅದನ್ನು ಹೇಳಿದವರು ಶಾಲೆಯವರಲ್ಲ, ಆಟೊದ ಹಿಂದೆ ಅಂಟಿಸಿದ್ದ ಚೀಟಿ.

ಅವರು ಫೋನು ಮಾಡಿದರೋ ಇಲ್ಲವೋ ನಾನು ಕೇಳಲಿಲ್ಲ. ಆದರೆ ಜೂನ್‌ನಲ್ಲಿ ಹೊಸ ಮಕ್ಕಳು ಬಂದಾಗ ಅವರು ಒಂದು ಕೆಲಸ ಮಾಡಿದರು. ಮೊದಲ ವಾರವೇ, ಪ್ರಿನ್ಸಿಪಾಲರ ಹತ್ತಿರ ಹೋಗಿ ಒಪ್ಪಿಗೆ ತೆಗೆದುಕೊಂಡು, ಮಕ್ಕಳನ್ನು ಗ್ರೌಂಡಿನವರೆಗೆ ನಡೆಸಿಕೊಂಡು ಹೋದರು. ಮೊದಲ ಸಲ ಆಟದಂತೆ. ಎರಡನೇ ಸಲ ಮಾತಿಲ್ಲದೆ. ಮೂರನೇ ಸಲ ಸಾಲಿನ ಕೊನೆಯಲ್ಲಿ ನಿಂತು, ಮುಂದೆ ನಡೆಸುವ ಕೆಲಸವನ್ನು ಇಬ್ಬರು ಮಕ್ಕಳಿಗೇ ಒಪ್ಪಿಸಿದರು. ಗಾಲಿಕುರ್ಚಿಯ ಒಂದು ಮಗುವಿದೆ. ಅವಳ ಜೊತೆ ರ‍್ಯಾಂಪಿನಲ್ಲಿ ಯಾರು ಹೋಗಬೇಕು ಎಂಬುದು ಅವಳೇ ಆರಿಸಿದ್ದು. ಬೆಂಕಿಗೂ ಇದೇ, ಭೂಕಂಪಕ್ಕೂ ಇದೇ, ಯಾರಾದರೂ ಕೆಟ್ಟ ಇ-ಮೇಲ್ ಕಳಿಸಿದರೂ ಇದೇ ಎಂದು ಹೇಳಿದರಂತೆ. ಇ-ಮೇಲಿನ ವಿಷಯ ಮಕ್ಕಳಿಗೆ ಹೇಳಬೇಕಿತ್ತೇ ಎಂದು ಒಬ್ಬ ತಾಯಿ ಫೋನು ಮಾಡಿ ಜಗಳವಾಡಿದರು. ಅತ್ತಿಗೆ ಅವರಿಗೆ ಸಮಾಧಾನ ಹೇಳಿದರು, ಕ್ಷಮೆ ಕೇಳಲಿಲ್ಲ.

ನಾಲ್ಕನೇ ಸಲ ಹೊರಟಾಗ ಮೊದಲ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳಂತೆ: ‘ಮಿಸ್, ಇದು ನಿಜಾನಾ, ಡ್ರಿಲ್ಲಾ?’

‘ಡ್ರಿಲ್ಲು. ನಿಜ ಆದ್ರೆ ನಿಜ ಅಂತಲೇ ಹೇಳ್ತೀನಿ.’

ಹುಡುಗಿ ಒಂದು ಗಳಿಗೆ ಯೋಚಿಸಿದಳು. ‘ಹಾಗಾದ್ರೆ ನೀರಿನ ಬಾಟ್ಲಿ ತಗೊಳ್ಲಾ ಮಿಸ್?’